ಅಪ್ಪ ಹೇಳದ ಅಳತೆಗಳು

ಜನವರಿ 8

ಅಪ್ಪಾ,

ಕುಶಲ ಗಿಶಲ ಎಲ್ಲ ಆಮೇಲೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡು. ನೀನು ಹೊಲಿದು ಕಳಿಸುವ ನನ್ನ ಯೂನಿಫಾರ್ಮ್ ಶರ್ಟುಗಳ ಕಾಲರಿನೊಳಗೆ ‘42’ ಎಂಬ ಚೀಟಿ ಇರುತ್ತದಲ್ಲ, ಅದು ಯಾವ ಲೋಕದ ನಲವತ್ತೆರಡು? ಫೋನಿನಲ್ಲೇ ಕೂಗಾಡೋಣ ಎಂದುಕೊಂಡಿದ್ದೆ. ಫೋನಿನಲ್ಲಿ ನಿನ್ನ ಕಿವಿಗೆ ಬರೀ ಗೊರಗೊರ ಕೇಳಿಸುವುದರಿಂದ ನೀನು ಬಚಾವಾದೆ.

ನಡೆದದ್ದು ಇಷ್ಟು. ಕಳೆದ ವಾರ ಡಿಪೋದಲ್ಲಿ ಬಸ್ಸು ಹೊರಡಿಸುವ ಮುಂಚೆ ಎಂಜಿನ್ ಎಣ್ಣೆ ನೋಡಲು ಹೋಗಿ ಶರ್ಟಿನ ತುಂಬ ಚೆಲ್ಲಿಕೊಂಡೆ. ಆ ಅವತಾರದಲ್ಲಿ ಡ್ರೈವರ್ ಸೀಟಿನಲ್ಲಿ ಕೂರುವ ಹಾಗಿಲ್ಲ. ಸ್ಟೋರ್ ಕೀಪರ್ ಹತ್ತಿರ ಹೋಗಿ, "ಅಣ್ಣಾ, ಒಂದು ರೆಡಿಮೇಡ್ ನಲವತ್ತೆರಡು ಕೊಡಿ, ನಾಳೆ ಒಗೆದು ವಾಪಸ್ ತರ್ತೀನಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಿಗಮ್ಮ?" ಅಂದರು.

"ನನಗೇ."

ಕೊಟ್ಟರು. ಎಡಗೈ ಮೊಣಕೈವರೆಗೆ ಹೋಯಿತು. ಅಲ್ಲಿಂದ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಟ್ಟೆ ಕುಗ್ಗಿಹೋಗಿದೆ ಎಂದು ನಾನೇ ಅವರ ಮೇಲೆ ರೇಗಿದೆ. ನಲವತ್ತಾರು ತಂದರು. ನಲವತ್ತೆಂಟು ತಂದರು. ಕೊನೆಗೆ ಅಟ್ಟದ ಮೇಲಿಂದ ಧೂಳು ಕೊಡವಿ ಐವತ್ತೆರಡು ತಂದರು. ಅದರ ಗುಂಡಿಗಳು ಕಾಜದೊಳಗೆ ಸೇರಿದವು. ಬಾಗಿಲಲ್ಲಿ ನಿಂತಿದ್ದ ನಾಲ್ಕೈದು ಜನ ಡ್ರೈವರುಗಳು ಚಪ್ಪಾಳೆ ತಟ್ಟಿದರು. ನಾನು ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟೆ.

ಎರಡು ದಿನಕ್ಕೆ ವರ್ಷದ ಮೆಡಿಕಲ್ ಬಂತು. ತೂಕ ನೂರಿಪ್ಪತ್ತಾರು. "ಮೆಷಿನ್ ಕೆಟ್ಟಿದೆ ಸಿಸ್ಟರ್" ಅಂದೆ. ಆಕೆ ತಾನೇ ಹತ್ತಿ ತೋರಿಸಿದಳು, ಐವತ್ತನಾಲ್ಕು. ಕಳೆದ ತಿಂಗಳು ಸಿಗ್ನಲ್ಲಿನಲ್ಲಿ ನಿಂತಾಗ ನನಗೆ ಕಣ್ಣು ಮುಚ್ಚಿಹೋಗಿ, ಹಿಂದಿನವರ ಹಾರ್ನಿಗೆ ಎಚ್ಚರವಾಗಿತ್ತು. ಬಸ್ಸಿನಲ್ಲಿ ಅರುವತ್ತು ಜನ ಇದ್ದರು. ಅದನ್ನೂ ಹೇಳಿದೆ, ಮುಚ್ಚಿಡಲು ಮನಸ್ಸು ಬರಲಿಲ್ಲ. ನಿದ್ದೆಯ ಪರೀಕ್ಷೆಗೆ ಕಳಿಸಿದರು. ನಿದ್ದೆಯಲ್ಲಿ ಗಂಟೆಗೆ ನಲವತ್ತೊಂದು ಸಲ ನನ್ನ ಉಸಿರು ನಿಲ್ಲುತ್ತದಂತೆ! ಕೊಬ್ಬು ಗಂಟಲನ್ನು ಒತ್ತುತ್ತಿದೆ, ತೂಕ ಇಳಿಯುವ ತನಕ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ ಎಂದು ಬರೆದುಕೊಟ್ಟರು. ಈಗ ಪಾಸ್ ಕೊಡುವ ಕೌಂಟರಿನಲ್ಲಿ ಕೂತು ರಬ್ಬರ್ ಸ್ಟಾಂಪು ಒತ್ತುತ್ತಿದ್ದೇನೆ. ಆರು ತಿಂಗಳು ಅವಕಾಶ. ಆಮೇಲೂ ಇಳಿಯದಿದ್ದರೆ ಇದೇ ಕುರ್ಚಿ ಕಾಯಂ.

ಕನ್ನಡಿಯಲ್ಲಿ ಕಾಣುತ್ತಿರಲಿಲ್ಲವೇ ಎಂದು ಕೇಳಬೇಡ. ಸ್ವಲ್ಪ ದಪ್ಪ ಆಗಿದ್ದೇನೆಂದು ಗೊತ್ತಿತ್ತು. ಆದರೆ ಮೈಮೇಲಿನದೆಲ್ಲ ನೀನೇ ಹೊಲಿದದ್ದು, ಎಲ್ಲವೂ ನಲವತ್ತೆರಡು, ಎಲ್ಲವೂ ನೀಟಾಗಿ ಕೂರುತ್ತವೆ. ಎಷ್ಟು ಅಂತ ಆಗಿರಬಹುದು ಎಂದುಕೊಂಡಿದ್ದೆ.

ಉತ್ತರ ಕಾಯುತ್ತಿರುವ,
ನಿನ್ನ ಪುಟ್ಟಿ
(ಈ ಹೆಸರನ್ನೂ ಇನ್ನು ಬದಲಾಯಿಸುವುದು ಒಳ್ಳೆಯದು)

---

ಜನವರಿ 17

ಪುಟ್ಟಿಗೆ,

ಹೆಸರು ಬದಲಾಯಿಸುವುದಿಲ್ಲ.

ಚೀಟಿ ನಾನೇ ಹಚ್ಚಿದ್ದು. ನಲವತ್ತೆರಡರ ಚೀಟಿಗಳನ್ನು ಒಂದು ಡಬ್ಬಿ ತುಂಬ ತರಿಸಿಟ್ಟುಕೊಂಡಿದ್ದೆ. ನೀನು ಬಂದಾಗಲೆಲ್ಲ ಅಳತೆ ತೆಗೆದು, ಅದಕ್ಕೆ ತಕ್ಕ ಹಾಗೆ ಅಗಲ ಮಾಡಿ ಕತ್ತರಿಸುತ್ತಿದ್ದೆ. ಎದೆ, ಸೊಂಟ, ತೋಳು, ಎಲ್ಲ ಪ್ರತಿ ವರ್ಷ ಹೊಸದು. ಚೀಟಿ ಮಾತ್ರ ಹಳೆಯದು.

ಅಂಗಡಿಯಲ್ಲಿ ಯಾರ ಅಳತೆಯಾದರೂ ಗಟ್ಟಿಯಾಗಿ ಕೂಗಿ ಬರೆಸುವುದು ನನ್ನ ಅಭ್ಯಾಸ. ನಿನಗೆ ಹನ್ನೆರಡು ವರ್ಷವಿದ್ದಾಗ ನಿನ್ನ ಸೊಂಟದ ಅಳತೆಯನ್ನೂ ಹಾಗೇ ಕೂಗಿದೆ. ಸಾಲಿನಲ್ಲಿದ್ದ ನಿನ್ನ ಕ್ಲಾಸಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನೀನು ಮೂರು ದಿನ ಅನ್ನ ಮುಟ್ಟಲಿಲ್ಲ, ನಾಲ್ಕನೆಯ ದಿನ ಶಾಲೆಯಲ್ಲಿ ತಲೆ ತಿರುಗಿ ಬಿದ್ದೆ. ಅಮ್ಮನಿಲ್ಲದ ಮಗು. ಅವತ್ತು ನನಗಾದ ಹೆದರಿಕೆ ನಿನಗೆ ಗೊತ್ತಿಲ್ಲ. ಅಂದಿನಿಂದ ನಿನ್ನ ಅಳತೆಯನ್ನು ಬಾಯಿಬಿಟ್ಟು ಹೇಳಿಲ್ಲ.

ತಪ್ಪಾಯಿತು. ಆದರೆ ಉಸಿರು ನಿಲ್ಲುವ ವಿಷಯ ಓದಿದ ಕೂಡಲೇ ಅಂಗಡಿ ಮುಚ್ಚಿ ಈ ಪತ್ರ ಬರೆಯಲು ಕೂತೆ. ಏನು ಚಿಕಿತ್ಸೆ ಹೇಳಿದ್ದಾರೆ, ವಿವರವಾಗಿ ಬರೆ. ಆಪರೇಷನ್ ಎಂದರೆ ಮಾತ್ರ ಖಂಡಿತ ಬೇಡ. ನಮ್ಮ ಮನೆಯಲ್ಲಿ ಒಬ್ಬರು ಕತ್ತರಿ ಹಿಡಿದದ್ದು ಸಾಕು.

ನಿನ್ನ ಅಪ್ಪ

---

ಫೆಬ್ರುವರಿ 2

ಅಪ್ಪಾ,

ನಿನ್ನ ಪತ್ರ ಓದಿ ಹದಿನೈದು ದಿನ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿರಬೇಕು ಎಂದು ತೀರ್ಮಾನಿಸಿದ್ದೆ. ಎಂಟನೇ ದಿನಕ್ಕೇ ಸುಸ್ತಾಯಿತು. ಆ ಹುಡುಗಿಯರು ನಕ್ಕದ್ದು ನನಗೆ ನೆನಪೇ ಇಲ್ಲ. ನೀನು ಮಾತ್ರ ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗಿದ್ದೀಯ.

ಈಗ ವಿಷಯಕ್ಕೆ ಬರುತ್ತೇನೆ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನನ್ನ ಮುಂದೆ ಎರಡು ದಾರಿ ಇಟ್ಟಿದ್ದಾರೆ. ಒಂದು ಆಪರೇಷನ್. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಹಾಕಿ, ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟು ಮಾಡಿ ಹೊಲಿಯುತ್ತಾರಂತೆ. ನಿನ್ನ ಕೆಲಸವೇ. ಒಂದು ಸಲ ಕತ್ತರಿಸಿದ ಮೇಲೆ ಮತ್ತೆ ಕೂಡಿಸುವ ಮಾತಿಲ್ಲ, ವಿಟಮಿನ್ ಮಾತ್ರೆ ಜೀವನಪೂರ್ತಿ. ಇನ್ನೊಂದು ಇಂಜೆಕ್ಷನ್. ವಾರಕ್ಕೊಂದು, ಹೊಟ್ಟೆಯ ಚರ್ಮಕ್ಕೆ ನಾವೇ ಚುಚ್ಚಿಕೊಳ್ಳಬಹುದು. ಹಸಿವು ಸತ್ತುಹೋಗುತ್ತದೆ. ಆದರೆ ನಿಲ್ಲಿಸಿದರೆ ತೂಕ ಸಾಮಾನ್ಯವಾಗಿ ವಾಪಸ್ ಬರುತ್ತದೆ, ಎಷ್ಟು ವರ್ಷ ಚುಚ್ಚಿಕೊಳ್ಳಬೇಕೋ ಈಗಲೇ ಹೇಳಲಾಗದು ಅಂದರು.

ಡಿಪೋದಲ್ಲಿ ಇದರ ಮೇಲೆ ಎರಡು ಪಕ್ಷ ಆಗಿವೆ. ನನಗೆ ಐವತ್ತೆರಡರ ಶರ್ಟು ಹುಡುಕಿ ಕೊಟ್ಟ ಸ್ಟೋರ್ ಕೀಪರ್ ಇದ್ದಾರಲ್ಲ, ಅವರೇ ಎರಡು ವರ್ಷದ ಹಿಂದೆ ಆಪರೇಷನ್ ಮಾಡಿಸಿಕೊಂಡವರಂತೆ. "ನೋಡಮ್ಮ, ನಾನು ಹೋಟ್ಲಲ್ಲಿ ತಗೊಂಡ ಒಂದೇ ಪ್ಲೇಟ್ ಊಟಾನ ಮೂರು ಹೊತ್ತಿಗೆ ಇಟ್ಕೊಂಡು ತಿಂತೀನಿ. ಆದ್ರೆ ಮೊಮ್ಮಗಳ ಹಿಂದೆ ಓಡ್ತೀನಿ" ಅಂದರು. ನನ್ನ ಬಸ್ಸಿನ ಕಂಡಕ್ಟರಮ್ಮ ಇಂಜೆಕ್ಷನ್ ಪಕ್ಷ. "ಹೊಟ್ಟೆ ಕೊಯ್ಸ್ಕೊಂಡ್ರೆ ಆಯ್ತು ಹೋಯ್ತು. ಚುಚ್ಚೋದು ಬೇಡ ಅನ್ಸಿದ್ರೆ ಸೂಜಿ ಎಸೀಬಹುದಲ್ವಾ?" ಎಂದು ಅವರಿಗೇ ತಿರುಗಿಬಿದ್ದಳು. ಊಟದ ಹೊತ್ತಿಡೀ ನನ್ನ ಹೊಟ್ಟೆಯ ಮೇಲೆ ಚರ್ಚೆ. ಸಂಬಂಧಪಟ್ಟವಳನ್ನು ಒಬ್ಬರೂ ಕೇಳಲಿಲ್ಲ.

ನನಗೆ ಆಪರೇಷನ್ ಎಂದರೆ ಭಯ. ನೀನೂ ಬೇಡ ಅಂದಿದ್ದೀಯ. ಇಂಜೆಕ್ಷನ್ನೇ ಇರಲಿ ಅಂದೆ. ಡಾಕ್ಟರಮ್ಮ ಒಂದು ಫಾರಂ ಹಿಡಿದು ಸಾಲಾಗಿ ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ, ಪಿತ್ತಕೋಶದಲ್ಲಿ ಕಲ್ಲಿದೆಯೇ, ಮನೆಯವರಲ್ಲಿ ಯಾರಿಗಾದರೂ ಕತ್ತಿನ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಇತ್ತೇ. "ಅಂಥದ್ದೆಲ್ಲ ನಮ್ಮನೇಲಿ ಇಲ್ಲ ಡಾಕ್ಟ್ರೇ. ನಾನು ಚಿಕ್ಕವಳಿದ್ದಾಗ ಅಮ್ಮ ನ್ಯುಮೋನಿಯಾದಲ್ಲಿ ಹೋದ್ರು, ಅಷ್ಟೇ" ಅಂದೆ. ಅವರು ‘ಇಲ್ಲ’ ಎಂಬಲ್ಲಿ ಗುರುತು ಹಾಕಿಕೊಂಡರು. ಶನಿವಾರ ಮೊದಲನೆಯದು.

ಅಮ್ಮ ಇದ್ದಿದ್ದರೆ ಯಾವುದು ಅನ್ನುತ್ತಿದ್ದಳು ಅಪ್ಪಾ? ಸುಮ್ಮನೆ ಕೇಳಿದೆ.

ಹೆದರಿದ್ದರೂ ಧೈರ್ಯವಾಗಿರುವ,
ಪುಟ್ಟಿ

---

ಫೆಬ್ರುವರಿ 11

ಪುಟ್ಟಿಗೆ,

ಇಂಜೆಕ್ಷನ್ ಬೇಡ. ಶುರು ಮಾಡಿದ್ದರೆ ನಿಲ್ಲಿಸು. ಆಪರೇಷನ್ನೇ ಮಾಡಿಸಿಕೊ. ನಾನು ಬಂದು ನೋಡಿಕೊಳ್ಳುತ್ತೇನೆ, ಅಂಗಡಿ ಮುಚ್ಚಿ ಎರಡು ತಿಂಗಳು ಬೇಕಾದರೂ ಇರುತ್ತೇನೆ. ಸ್ಟೋರ್ ಕೀಪರ್ ಹೇಳಿದ್ದು ಸರಿಯಾಗಿದೆ. ಅನುಭವ ಇರುವವರ ಮಾತು ಕೇಳಬೇಕು.

ಕಾರಣ ಕೇಳಬೇಡ. ಅಪ್ಪ ಹೇಳಿದ ಅಂತ ಮಾಡು.

ಅಪ್ಪ

---

ಫೆಬ್ರುವರಿ 24

ಅಪ್ಪಾ,

ನಿನ್ನ ನಾಲ್ಕು ಸಾಲಿನ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಿಜವಾಗಿ ನೀನೇ ಬರೆದದ್ದೇ? ಜನವರಿಯಲ್ಲಿ ‘ಆಪರೇಷನ್ ಖಂಡಿತ ಬೇಡ’, ಫೆಬ್ರುವರಿಯಲ್ಲಿ ‘ಆಪರೇಷನ್ನೇ ಮಾಡಿಸಿಕೊ’. ನಡುವೆ ಏನಾಯಿತು? ನನಗೆ ಕಸಿವಿಸಿಯಾಗುತ್ತಿದೆ.

ಮೂರು ಇಂಜೆಕ್ಷನ್ ಆಗಿವೆ. ಐದು ಕೆಜಿ ಇಳಿದಿದ್ದೇನೆ. ವಾಕರಿಕೆ ಬರುತ್ತದೆ, ಬಸ್ಸಿನ ಹೊಗೆ ವಾಸನೆಗೇ ಹೊಟ್ಟೆ ತೊಳಸುತ್ತದೆ, ಆದರೂ ತಡೆದುಕೊಂಡಿದ್ದೇನೆ. ಮೊನ್ನೆ ಕೌಂಟರಿನಿಂದ ನನ್ನ ಬಸ್ಸು ಗೇಟು ದಾಟಿ ಹೋಗುವುದನ್ನು ನೋಡಿದೆ. ಬದಲಿ ಡ್ರೈವರ್ ಎರಡನೇ ಗೇರಿನಲ್ಲೇ ಗುರುಗುಟ್ಟಿಸುತ್ತ ಹೋದ. ಹೊಟ್ಟೆ ಉರಿದುಹೋಯಿತು. ನನಗೆ ಆ ಸೀಟು ಬೇಕು ಅಪ್ಪಾ, ಇನ್ನೇನೂ ಬೇಡ. ಅದಕ್ಕೆ ಇರುವ ದಾರಿಯನ್ನೂ ನೀನು ಕಾರಣ ಹೇಳದೆ ಮುಚ್ಚು ಅಂದರೆ ಹೇಗೆ?

ಮುಂದಿನ ತಿಂಗಳು ಡೋಸು ಜಾಸ್ತಿ ಮಾಡುತ್ತಾರೆ. ಅಳತೆಯ ವಿಷಯದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ್ದು ಸಾಕು. ಕಾರಣ ಬರೆದು ಕಳಿಸು, ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಶನಿವಾರ ನಾಲ್ಕನೆಯದು, ಅದರ ಮುಂದಿನ ಶನಿವಾರ ಐದನೆಯದು.

ಹಟದಲ್ಲಿ ನಿನ್ನನ್ನೇ ಹೋಲುವ,
ಪುಟ್ಟಿ

---

ಮಾರ್ಚ್ 3

ಪುಟ್ಟಿ,

ಈ ಸಾಲು ಓದಿದ ಕೂಡಲೇ ಇಂಜೆಕ್ಷನ್ ನಿಲ್ಲಿಸು. ಡಾಕ್ಟರಮ್ಮನ ಹತ್ತಿರ ಹೋಗಿ ‘ಇಲ್ಲ’ ಎಂದು ಹಾಕಿದ ಗುರುತು ತಪ್ಪು ಎಂದು ಹೇಳು. ಉಳಿದದ್ದನ್ನು ಆಮೇಲೆ ಓದು.

ನಿನ್ನ ಅಮ್ಮ ಹೋದದ್ದು ನ್ಯುಮೋನಿಯಾದಲ್ಲಿ ಅಲ್ಲ. ಕತ್ತಿನ ಗ್ರಂಥಿಯ ಕ್ಯಾನ್ಸರ್, ಕೊನೆಗೆ ಶ್ವಾಸಕೋಶಕ್ಕೆ ಹರಡಿತ್ತು. ಎರಡು ಸಲ ಆಪರೇಷನ್ ಆಯಿತು. ನಿನ್ನನ್ನು ಆಗ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದೆವು, ರಜೆ ಎಂದು ಹೇಳಿ. ಅಮ್ಮ ಯಾವಾಗಲೂ ಎತ್ತರದ ಕಾಲರಿನ ರವಿಕೆ ಹಾಕುತ್ತಿದ್ದಳು, ಅದು ಅವಳಿಗೆ ಚೆನ್ನಾಗಿ ಒಪ್ಪುತ್ತಿತ್ತು ಎಂದು ನೀನು ಈಗಲೂ ಹೇಳುತ್ತೀಯ. ಆ ಕಾಲರುಗಳನ್ನು ನಾನು ಹೊಲಿದದ್ದು ಗಾಯದ ಗುರುತು ನಿನಗೆ ಕಾಣದಿರಲಿ ಎಂದು. ಒಳಗೆ ಎರಡು ಪದರ ಕ್ಯಾನ್ವಾಸ್ ಹಾಕಿ, ಬಗ್ಗದ ಹಾಗೆ ಮಾಡಿದ್ದೆ.

ಇನ್ನೂ ಇದೆ. ಎರಡನೇ ಆಪರೇಷನ್ ಆದ ದಿನ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು. ಆಗ ನನ್ನ ಕಿವಿ ಚುರುಕಾಗಿತ್ತು, ಒಂದು ಮಾತೂ ತಪ್ಪಿಸಿಕೊಳ್ಳಲಿಲ್ಲ. ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು, ಅದು ಇದರ ಜೊತೆ ಇದೆ, ಡಾಕ್ಟರಮ್ಮನಿಗೆ ಕೊಡು. "ಇದು ತಾಯಿಯಿಂದ ಮಕ್ಕಳಿಗೂ ಬರಬಹುದಾದ ಜಾತಿ. ಮಗಳನ್ನೂ ಕರ್ಕೊಂಡು ಬಂದು ತೋರಿಸಿ" ಅಂದರು. ನಿನಗೆ ಒಂಬತ್ತು ವರ್ಷ. ಮುಂದಿನ ತಿಂಗಳು ಕರೆದೊಯ್ಯೋಣ ಎಂದುಕೊಂಡೆ. ಅಷ್ಟರಲ್ಲಿ ಅವಳು ಹೋದಳು. ಆಮೇಲೆ ಆ ಆಸ್ಪತ್ರೆಯ ಬೀದಿಗೆ ಕಾಲಿಡಲು ನನ್ನಿಂದ ಆಗಲಿಲ್ಲ. ನೀನು ಓಡಾಡಿಕೊಂಡು ಚೆನ್ನಾಗಿದ್ದೆ. ಚೆನ್ನಾಗಿರುವ ಮಗುವಿನ ಕತ್ತು ಯಾಕೆ ಮುಟ್ಟಿಸಬೇಕು ಎಂದು ವರ್ಷ ವರ್ಷ ಮುಂದೆ ಹಾಕಿದೆ.

ನಿನ್ನ ಫೆಬ್ರುವರಿಯ ಪತ್ರದಲ್ಲಿ ಡಾಕ್ಟರಮ್ಮ ಕೇಳಿದ ಆ ಕ್ಯಾನ್ಸರಿನ ಪ್ರಶ್ನೆ ಓದಿದಾಗ ಕತ್ತರಿ ಕೈಯಿಂದ ಜಾರಿ ಗಿರಾಕಿಯ ಬಟ್ಟೆ ಹರಿಯಿತು. ಪಕ್ಕದ ಅಂಗಡಿಯವನಿಂದ ನಿನಗೆ ಫೋನು ಮಾಡಿಸಬಹುದಿತ್ತು. ಇಪ್ಪತ್ತೆರಡು ವರ್ಷ ಬಾಯಿಬಿಡದ ವಿಷಯವನ್ನು ಅವನ ಬಾಯಿಂದ ಹೇಳಿಸಲು ಆಗಲಿಲ್ಲ. ಬರೀ ‘ಬೇಡ’ ಎಂದರೆ ನೀನು ಕೇಳುತ್ತೀಯ ಎಂದು ನಂಬಿದ್ದೆ. ಹೇಡಿತನ, ಬೇರೇನೂ ಅಲ್ಲ.

ಅಮ್ಮ ಇದ್ದಿದ್ದರೆ ಯಾವುದು ಅನ್ನುತ್ತಿದ್ದಳು ಎಂದು ಕೇಳಿದ್ದೆ. ಅವಳಿಗೆ ತನ್ನ ಕಾಯಿಲೆ ಏನೆಂದೇ ಗೊತ್ತಿರಲಿಲ್ಲ. ಪ್ರತಿ ಸಲ ನನ್ನ ಮುಖ ನೋಡಿ, "ಡಾಕ್ಟ್ರು ಏನಂದ್ರು?" ಅನ್ನುತ್ತಿದ್ದಳು. "ಸಣ್ಣ ಗಂಟು, ತೆಗೆದಾಯ್ತು" ಅನ್ನುತ್ತಿದ್ದೆ. ಕೊನೆಯವರೆಗೂ ಅಷ್ಟೇ ಹೇಳಿದೆ.

ನಿನ್ನ
ಅಪ್ಪ

---

ಮಾರ್ಚ್ 9

ಅಪ್ಪನವರಿಗೆ,

ನಿಮ್ಮ ಪತ್ರ ಕೌಂಟರಿನಲ್ಲಿ ಕೂತೇ ಓದಿದೆ. ಎದುರಿಗೆ ಪಾಸಿಗಾಗಿ ನಿಂತಿದ್ದ ಅಜ್ಜಿ ನೀರು ಕುಡಿಸಿದರು. ಅರ್ಧ ದಿನ ರಜೆ ಹಾಕಿ ನೇರ ಆಸ್ಪತ್ರೆಗೆ ಹೋದೆ. ನಾಲ್ಕನೆಯ ಇಂಜೆಕ್ಷನ್ ಆಗಿತ್ತು, ಐದನೆಯದು ಕಸದ ಬುಟ್ಟಿ ಸೇರಿತು. ಚೀಟಿ ನೋಡಿದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಇದನ್ನ ಮೊದಲೇ ಯಾಕಮ್ಮ ಹೇಳ್ಲಿಲ್ಲ? ಈ ಕಾಯಿಲೆ ಮನೇಲಿದ್ರೆ ಆ ಇಂಜೆಕ್ಷನ್ ಕೊಡೋ ಹಾಗೇ ಇಲ್ಲ" ಅಂದರು. ನನಗೇ ಇವತ್ತು ಗೊತ್ತಾಯಿತು ಅಂದೆ. ರಕ್ತ ತೆಗೆದುಕೊಂಡರು. ಕತ್ತಿನ ಸ್ಕ್ಯಾನ್ ಮಾಡಿದರು. ಸ್ಕ್ಯಾನ್ ಮಾಡುವ ಹುಡುಗಿ ಕತ್ತಿನ ಒಂದೇ ಜಾಗದಲ್ಲಿ ಉಪಕರಣವನ್ನು ತುಂಬ ಹೊತ್ತು ನಿಲ್ಲಿಸಿದಳು.

ಶರ್ಟಿನ ಚೀಟಿಯನ್ನು ನಾನು ಕ್ಷಮಿಸಿದ್ದೆ. ಅದರಲ್ಲಿ ನಗುವುದಕ್ಕಾದರೂ ಏನೋ ಇತ್ತು. ಇದನ್ನು ಹೇಗೆ ಕ್ಷಮಿಸುವುದು ಎಂದು ನನಗೆ ತಿಳಿಯುತ್ತಿಲ್ಲ. ನನ್ನ ವಿಷಯ ಒತ್ತಟ್ಟಿಗಿರಲಿ. ಅಮ್ಮನಿಗೆ ಹೇಳದೆ ಇದ್ದಿರಲ್ಲ! ಸಾಯುತ್ತೇನೆಂದು ಗೊತ್ತಿದ್ದರೆ ಅವಳು ನನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸುತ್ತಿದ್ದಳೇ? ಹತ್ತಿರ ಕೂರಿಸಿಕೊಳ್ಳುತ್ತಿದ್ದಳು. ನನಗೆ ಏನಾದರೂ ಹೇಳಿ ಹೋಗುತ್ತಿದ್ದಳು, ಎರಡು ಸಾಲು ಬರೆದಿಟ್ಟಾದರೂ ಹೋಗುತ್ತಿದ್ದಳು. ಅವಳ ಒಂದು ಅಕ್ಷರವೂ ನನ್ನ ಹತ್ತಿರ ಇಲ್ಲ. ಅದನ್ನು ಕಿತ್ತುಕೊಂಡವರು ನೀವು.

ಏಪ್ರಿಲ್ ಆರಕ್ಕೆ ರಿಪೋರ್ಟುಗಳೆಲ್ಲ ಬರುತ್ತವೆ. ನೀವು ಬರಬೇಕು. ಹೊರಗಿನ ಬೆಂಚಿನಲ್ಲಿ ಅಲ್ಲ, ಒಳಗೆ, ಡಾಕ್ಟರಮ್ಮನ ಎದುರು, ನನ್ನ ಪಕ್ಕದ ಕುರ್ಚಿಯಲ್ಲಿ ಕೂರಬೇಕು.

ಇತಿ,
ನಿಮ್ಮ ಮಗಳು

---

ಮಾರ್ಚ್ 20

ಪುಟ್ಟಿ,

‘ನೀವು’ ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ಮೊದಲ ಸಲ. ಅದು ನನಗೆ ಸಲ್ಲಬೇಕಾದದ್ದೇ.

ಬರುತ್ತೇನೆ. ಹಿಂದಿನ ದಿನವೇ ಬಂದು ಬಸ್ ನಿಲ್ದಾಣದ ಹತ್ತಿರ ರೂಮು ಮಾಡುತ್ತೇನೆ. ನಿನ್ನ ಮನೆಗೆ ಬಾ ಎಂದರೆ ಮಾತ್ರ ಬರುತ್ತೇನೆ.

ಒಂದೇ ಒಂದು ಬೇಡಿಕೆ. ಡಾಕ್ಟರಮ್ಮ ಹೇಳಿದ್ದು ನನಗೆ ಕೇಳಿಸುವುದಿಲ್ಲ. ಒಳ್ಳೆಯದಾದರೆ ಬರೆದು ತೋರಿಸು. ಕೆಟ್ಟದಾದರೆ ಬರೆಯಬೇಡ, ಸುಮ್ಮನೆ ನನ್ನ ಹೆಗಲು ಮುಟ್ಟು. ಅರ್ಥ ಮಾಡಿಕೊಳ್ಳುತ್ತೇನೆ. ಅಕ್ಷರದಲ್ಲಿ ಓದುವ ಶಕ್ತಿ ನನಗಿಲ್ಲ.

ಅಪ್ಪ

---

ಏಪ್ರಿಲ್ 6
(ಆಸ್ಪತ್ರೆಯ ಹಾಳೆಯ ಮೇಲೆ)

ಅಪ್ಪಾ,

ನೀನು ಪಕ್ಕದಲ್ಲೇ ಕೂತಿದ್ದೀಯ. ಹೆಗಲು ಮುಟ್ಟು ಅಂದಿದ್ದೆ. ಮುಟ್ಟುವುದಿಲ್ಲ, ಬರೆಯುತ್ತೇನೆ. ಡಾಕ್ಟರಮ್ಮ ನನಗಾಗಿ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಾರೆ.

ಅಮ್ಮನಿಗಿದ್ದದ್ದು ನನಗೂ ಬಂದಿದೆ. ರಕ್ತದಲ್ಲಿ ಕಂಡಿದೆ. ಗ್ರಂಥಿಯ ಎಡಗಡೆ ಗಂಟಿದೆ, ಒಂಬತ್ತು ಮಿಲಿಮೀಟರ್. ಅದೂ ಕ್ಯಾನ್ಸರೇ. ಹೊರಗೆ ಹರಡಿದ ಹಾಗೆ ಸ್ಕ್ಯಾನಿನಲ್ಲಿ ಕಾಣುತ್ತಿಲ್ಲ, ಪೂರ್ತಿ ಖಾತ್ರಿ ಆಪರೇಷನ್ ಆದ ಮೇಲೆ.

ನಾಲ್ಕು ಇಂಜೆಕ್ಷನ್ನಿನಿಂದ ಬಂದದ್ದಲ್ಲವಂತೆ. ಮೊದಲೇ ಇತ್ತು. ಆದರೆ ಇನ್ನು ಆ ಔಷಧಿ ನನಗೆ ಯಾವತ್ತೂ ಇಲ್ಲ.

ಮೊದಲು ಕತ್ತಿನ ಆಪರೇಷನ್, ಗ್ರಂಥಿ ಪೂರ್ತಿ ತೆಗೆಯುತ್ತಾರೆ. ಅದು ವಾಸಿಯಾದ ಮೇಲೆ ಹೊಟ್ಟೆಯದು. ಅದಕ್ಕೆ ನಾನೇ ಒಪ್ಪಿದ್ದೇನೆ, ನೀನು ಹೇಳಿದ್ದಕ್ಕಲ್ಲ. ಅಲ್ಲಿಯವರೆಗೆ ಮಲಗುವಾಗ ಮೂಗಿಗೆ ಗಾಳಿಯ ಮೆಷಿನ್. ಸ್ಟೀರಿಂಗ್ ಈ ವರ್ಷ ಸಿಗುವುದಿಲ್ಲ, ಡಿಪೋದವರು ಆರು ತಿಂಗಳ ಗಡುವು ಮುಂದೆ ಹಾಕಿದರೆ ಮುಂದಿನ ವರ್ಷ ಸಿಗಬಹುದು.

ಏನಾದರೂ ಕೇಳುವುದಿದ್ದರೆ ಕೆಳಗೆ ಬರೆ, ಅವರಿಗೆ ಓದಿ ಹೇಳುತ್ತೇನೆ.

ಪುಟ್ಟಿ

*ಇಪ್ಪತ್ತೆರಡು ವರ್ಷದ ಹಿಂದೆ ಕರೆತಂದಿದ್ದರೆ? — ಅಪ್ಪ*

ಕೇಳಿದೆ. ಅವರು ನಿನ್ನ ಮುಖ ನೋಡಿದರು. "ಇದನ್ನು ಬರೀಬೇಕಾ?" ಎಂದು ನನ್ನನ್ನು ಕೇಳಿದರು. ಬರೆಯಬೇಕು ಅಂದೆ. ಅವರು ಹೇಳಿದ್ದು ಇದು: ಗಂಟಾಗುವ ಮುಂಚೆಯೇ ಗ್ರಂಥಿ ತೆಗೆಯಬಹುದಿತ್ತು. ಕ್ಯಾನ್ಸರ್ ಬರದ ಹಾಗೆ ತಡೆಯುವ ಅವಕಾಶ ಇತ್ತು.

ಅಷ್ಟೇ ಅಪ್ಪಾ. ಅವರು ಹೇಳಿದ್ದರಲ್ಲಿ ಒಂದು ಮಾತೂ ಬಿಟ್ಟಿಲ್ಲ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದು, ಅವಸರವಿಲ್ಲ. ಆಪರೇಷನ್ ಫಾರಂನಲ್ಲಿ ಮನೆಯವರೊಬ್ಬರ ಸಹಿ ಬೇಕಂತೆ. ನನಗೆ ನೀನೊಬ್ಬನೇ ಮನೆಯವನು. ಆದರೆ ನಾನು ಬರೆದದ್ದನ್ನು ಪೂರ್ತಿ ಓದದೆ ಹಾಕಬೇಡ.

ಪುಟ್ಟಿ

*ಪೂರ್ತಿ ಓದಿದೆ. ಎರಡು ಸಲ. ಸಹಿ ಎಲ್ಲಿ ಹಾಕಬೇಕು, ತೋರಿಸು.*

*ಅಪ್ಪ*